ಖಾಲಿ ಡಬ್ಬಿ ತಿರುಗಿ ಕೊಡಬಾರದು

ನಾನು ಆಸ್ಟಿನ್ ಹತ್ತಿರದ ಫ್ಲೂಗರ್‌ವಿಲ್‌ನಲ್ಲಿ ಮಗಳ ಮನೆಯಲ್ಲಿದ್ದಾಗ ನಮ್ಮ ಬೀದಿ ತುದಿಯ ಅಪಾರ್ಟ್‌ಮೆಂಟಿನಲ್ಲಿ ಮೈಸೂರು ಕಡೆಯ ಒಬ್ಬ ಹುಡುಗಿ ಇದ್ದಳು. ಹುಡುಗಿ ಅಂದರೆ ಒಂದು ಮಗುವಿನ ತಾಯಿ. ಕೆಲಸ ಬದಲಾಯಿಸಿ ಡಲ್ಲಾಸ್ ಕಡೆ ಹೋದ ಅವಳ ಗಂಡ ಪ್ರಾಸ್ಪರ್ ಎಂಬ ಊರಿನಲ್ಲಿ ಹೊಸ ಮನೆ ತಗೊಂಡು, ಅದರಲ್ಲಿ ಬೇರೊಬ್ಬಳ ಜೊತೆ ಸಂಸಾರ ಹೂಡಿದ. ಇವಳಿಗೆ ಫೋನಿನಲ್ಲಿ ತಿಳಿಸಿದ, ಅಷ್ಟೇ. ಹಳೆಯ ಕಾರೊಂದನ್ನು ಬಿಟ್ಟುಹೋಗಿದ್ದ. ಅದನ್ನು ಓಡಿಸಲು ಇವಳಿಗೆ ಬರುತ್ತಿರಲಿಲ್ಲ.

ಇವಳ ವೀಸಾ ಗಂಡನ ವೀಸಾಕ್ಕೆ ಗಂಟು ಬಿದ್ದದ್ದು. ದುಡಿಯುವಂತಿಲ್ಲ, ಅವನು ವಿಚ್ಛೇದನ ಕೊಟ್ಟರೆ ಇರುವಂತೆಯೂ ಇಲ್ಲ. ಕಾಲೇಜಿಗೆ ಸೇರಿದರೆ ತನ್ನದೇ ವೀಸಾದ ಮೇಲೆ ಉಳಿಯಬಹುದು ಎಂದು ವಕೀಲರು ಹೇಳಿದ್ದರು. ಆಸ್ಟಿನ್‌ನ ಒಂದು ಕಾಲೇಜಿನಲ್ಲಿ ಸೀಟೂ ಸಿಕ್ಕಿತ್ತು. ಆದರೆ ನಮ್ಮ ಕಡೆಯಿಂದ ಅಲ್ಲಿಗೆ ಬಸ್ಸಿಲ್ಲ. ಕ್ಲಾಸು ಶುರುವಾಗುವುದರೊಳಗೆ ಡ್ರೈವಿಂಗ್ ಲೈಸೆನ್ಸ್ ಆಗಲೇಬೇಕು. ಅಪ್ಪ ಕಳಿಸಿದ ದುಡ್ಡು ಕಾಲೇಜಿಗೇ ಸರಿಹೋಗಿತ್ತು, ಹಣ ಕೊಟ್ಟು ಕಲಿಯುವ ಮಾತಿರಲಿಲ್ಲ. ಕಲಿಯುವವರ ಪಕ್ಕದಲ್ಲಿ ಲೈಸೆನ್ಸ್ ಇದ್ದವರು ಕೂರಬೇಕು ಎಂಬುದು ಅಲ್ಲಿಯ ಕಾಯಿದೆ. ಅವಳಿಗೆ ಬೇಕಾಗಿದ್ದದ್ದು ಪಕ್ಕದಲ್ಲಿ ಕೂರುವ ಒಬ್ಬ ಮನುಷ್ಯ.

ನಮ್ಮ ಹೆಣ್ಣುಮಕ್ಕಳು ಕಳಿಸಿದ್ದು ಬಿಸಿಬೇಳೆಭಾತು.

ಪ್ರೀತಿಯಿಂದಲೇ ಕಳಿಸಿದರು, ಇಲ್ಲ ಅನ್ನುವುದಿಲ್ಲ. ಮಗಳ ಗೆಳತಿಯರು ವಾಟ್ಸಾಪಿನಲ್ಲಿ ಪಾಳಿ ಹಚ್ಚಿಕೊಂಡಿದ್ದರು. ಆಫೀಸಿನಿಂದ ಬರುವಾಗ ಡಬ್ಬಿ ಕೊಟ್ಟು, "ಏನಾದ್ರೂ ಬೇಕಿದ್ರೆ ಕೇಳು" ಎನ್ನುತ್ತ ಕಾರು ಹತ್ತುತ್ತಿದ್ದರು.

ಒಂದು ಮಧ್ಯಾಹ್ನ ನಾನು ಹೋದಾಗ ಆ ಹುಡುಗಿ ಒಲೆಯ ಮುಂದೆ ಬೆವರುತ್ತ ಕೊಬ್ಬರಿ ಮಿಠಾಯಿ ಮಾಡುತ್ತಿದ್ದಳು. ಕಟ್ಟೆಯ ಮೇಲೆ ತೊಳೆದ ಡಬ್ಬಿಗಳ ಸಾಲು.

"ಯಾರಿಗವ್ವ ಇದು?"

"ಡಬ್ಬಿ ವಾಪಸ್ ಕೊಡ್ಬೇಕಲ್ಲ ಅಜ್ಜಿ. ಖಾಲಿ ಹೇಗೆ ಕೊಡೋದು?"

"ಮತ್ತ ಕಾರ್ ಕಲಿಯೂದು?"

"ಯಾರನ್ನ ಕೇಳ್ಲಿ? ಎಲ್ರೂ ಆಗ್ಲೇ ಇಷ್ಟು ಮಾಡ್ತಿದಾರೆ."

ನಾನು ಓದಿದ್ದು ಮೂರನೇ ಇಯತ್ತೆ. ಆದರೆ ಖಾಲಿ ಪಾತ್ರೆ ತಿರುಗಿ ಕೊಡಬಾರದು, ಚಿಟಿಕೆ ಸಕ್ಕರೆಯನ್ನಾದರೂ ಹಾಕಬೇಕು ಎಂಬುದನ್ನು ಅವ್ವ ಅದಕ್ಕೂ ಮೊದಲೇ ಕಲಿಸಿದ್ದಳು. ಇವಳು ಚಿಟಿಕೆ ಸಕ್ಕರೆಗೆ ನಿಲ್ಲುವವಳಲ್ಲ. ಗಂಡ ಬಿಟ್ಟವಳು ಬೇಡಿ ತಿಂದಳು ಎಂದು ಯಾರೂ ಅನ್ನಬಾರದಲ್ಲ! ಡಬ್ಬಿ ತುಂಬಿ ಬರುತ್ತಿದ್ದವು, ತುಂಬಿ ಹೋಗುತ್ತಿದ್ದವು. ಮಿಠಾಯಿ ತಿಂದವರು, "ಎಷ್ಟ್ ಚೆನ್ನಾಗ್ ಮಾಡಿದಾಳೆ! ಪರವಾಗಿಲ್ಲ, ಸುಧಾರಿಸ್ಕೊಂಡಿದಾಳೆ" ಎಂದು ಸಮಾಧಾನ ಮಾಡಿಕೊಂಡರು.

ಮಗಳಿಗೆ ಹೇಳಿದೆ: "ಅನ್ನ ಸಾಕು. ಯಾರರ ಅಕಿ ಬಾಜೂಕ ಕುಂದರ್ರಿ."

"ಯಾವಾಗ ಕುಂದರ್ಲಿ ಅವ್ವ? ಈ ಶನಿವಾರ ಹ್ಯೂಸ್ಟನ್‌ನ್ಯಾಗ ಸೀಮಂತ ಐತಿ. ಮುಂದಿನ ವಾರ ನಿನ್ನ ಮೊಮ್ಮಗಳದು ಸಾಕರ್."

"ನನಗ ಲೈಸೆನ್ಸ್ ಇದ್ದಿದ್ರ ನಿನ್ನ ಕೇಳ್ತಿದ್ದಿಲ್ಲ."

"ಹೌದ್ಹೌದು. ನೀ ಕಾರ್ ಹೊಡದಿದ್ರ ಆಸ್ಟಿನ್ ಖಾಲಿ ಆಗ್ತಿತ್ತು."

ಇಬ್ಬರೂ ನಕ್ಕೆವು. ನಕ್ಕು ಅವಳು ಲ್ಯಾಪ್‌ಟಾಪ್ ತೆರೆದಳು.

ನಾನೇ ಹೋಗಿ ಕೂತೆ, ನಿಂತ ಕಾರಿನಲ್ಲಿ. ಹುಡುಗಿ ಕನ್ನಡಿ ನೋಡಿ, ಸಿಗ್ನಲ್ ಹಾಕಿ, ಸ್ಟೇರಿಂಗ್ ಹಿಡಿದು ಕೂರುತ್ತಿದ್ದಳು. ಹಿಂದಿನ ಸೀಟಿನಿಂದ ಮಗು "ಅಮ್ಮಾ, ಗೋ! ಗೋ!" ಎಂದು ಒದೆಯುತ್ತಿತ್ತು. ಎಲ್ಲಿಗೆ ಗೋ? ನನ್ನ ಇಷ್ಟು ದೊಡ್ಡ ಮೈಯನ್ನು ತಂದು ಕೂರಿಸಿದರೂ ಕಾಯಿದೆಯ ಪ್ರಕಾರ ಅದು ಖಾಲಿ ಸೀಟೇ.

"ಡಬ್ಬಿ ಖಾಲಿನ ಕಳಸು. ಆಗರ ಬಂದು ಏನಾತಂತ ಕೇಳ್ತಾರ" ಎಂದೆ. ಹೆದರುತ್ತಲೇ ಕಳಿಸಿದಳು. ಯಾರೂ ಬಂದು ಕೇಳಲಿಲ್ಲ. "ಊಟ ಇಷ್ಟ ಆಗ್ಲಿಲ್ವೇನೋ" ಎಂದಳು ಒಬ್ಬಳು. "ಸುಮ್ನೆ ಡಿಸ್ಟರ್ಬ್ ಮಾಡೋದ್ ಬೇಡ ಕಣೇ" ಎಂದಳು ಇನ್ನೊಬ್ಬಳು. ಬಿಸಿಬೇಳೆಭಾತೂ ನಿಂತಿತು.

ಕಡೆಗೆ ನನ್ನ ಕಾಟ ತಾಳದೆ ಮಗಳು ಒಂದೆರಡು ಭಾನುವಾರ ಕೂತಳು, ಪರೀಕ್ಷೆಗೂ ಕರೆದೊಯ್ದಳು. ಕಾರನ್ನು ಹಿಂದಕ್ಕೆ ತಂದು ಎರಡು ಕಂಬಗಳ ನಡುವೆ ನಿಲ್ಲಿಸಬೇಕಿತ್ತು. ಹಿಂದಿನ ಕಂಬ ಬಿತ್ತು. ಮತ್ತೊಮ್ಮೆ ಪರೀಕ್ಷೆಗೆ ದಿನ ಸಿಗುವಷ್ಟರಲ್ಲಿ ಕ್ಲಾಸು ಶುರುವಾಗಿ ಸೀಟು ಹೋಯಿತು. ಪ್ರಾಸ್ಪರ್‌ನಿಂದ ವಿಚ್ಛೇದನದ ಕಾಗದ ಬಂತು.

ಅವಳು ಮಗುವನ್ನು ಕರೆದುಕೊಂಡು ಮೈಸೂರಿಗೆ ಹೊರಟ ದಿನ ನಾನು ಹೋದೆ. ಮನೆಯಲ್ಲಿ ಸೂಟ್‌ಕೇಸು ಬಿಟ್ಟರೆ ಏನೂ ಇರಲಿಲ್ಲ. ನನ್ನ ಸ್ಟೀಲ್ ಡಬ್ಬಿಯೊಂದು ಉಳಿದಿತ್ತು. ಅದನ್ನು ಹಿಡಿದುಕೊಂಡು ಕಪಾಟು ತೆರೆದಳು, ಫ್ರಿಜ್ ತೆರೆದಳು.

"ಖಾಲಿನ ಕೊಡ ಹುಚ್ಚಿ."

"ಇರಿ ಅಜ್ಜಿ, ಒಂದ್ನಿಮಿಷ."

ಡ್ರಾದಲ್ಲಿ ಬರ್ಗರ್ ಅಂಗಡಿಯ ಕೆಚಪ್ ಪೊಟ್ಟಣಗಳು ಸಿಕ್ಕವು. ಅವನ್ನೇ ಹಾಕಿ, ಮುಚ್ಚಳ ಒತ್ತಿ ಕೊಟ್ಟಳು.

ಮನೆಗೆ ಬಂದೊಡನೆ ಮೊಮ್ಮಗಳು ಅವನ್ನು ಕಸಿದುಕೊಂಡು ಫ್ರೆಂಚ್ ಫ್ರೈಸಿಗೆ ಹಚ್ಚಿಕೊಂಡು ತಿಂದಳು. ನಾನು ಡಬ್ಬಿ ತೊಳೆದಿಟ್ಟೆ.