ಎರಡನ್ನು ಒತ್ತಿ ಹಿಡಿಯಬೇಕು

ಪಾಠಯೋಜನೆ ಬರೆಯುವ ನನ್ನ ನೋಟ್‌ಪುಸ್ತಕದಲ್ಲಿ ಸ್ಕೇಲಿನಿಂದ ನಡುವೆ ಗೆರೆ ಎಳೆದ ಒಂದು ಪುಟವಿದೆ. ಎಡಕ್ಕೆ ‘ಅನುಕೂಲಗಳು’, ಬಲಕ್ಕೆ ‘ಅನಾನುಕೂಲಗಳು’. ಮೇಲೆ ‘ಅವ್ವನಿಗೆ ಕೀಪ್ಯಾಡ್ ಫೋನ್’ ಎಂದು ಬರೆದು ಅಡಿಗೆರೆ ಹಾಕಿದ್ದೇನೆ. ನಮ್ಮ ಮನೆಯಲ್ಲಿ ಪದವಿಯವರೆಗೆ ಓದಿದವಳು ನಾನೊಬ್ಬಳೇ. ಯಾವ ತೀರ್ಮಾನವನ್ನಾದರೂ ಕಾಗದದ ಮೇಲೆ ತೂಗಿಯೇ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಓದಿದ್ದಕ್ಕೆ ಅರ್ಥವಿಲ್ಲ ಎಂದು ಆಗ ನಂಬಿದ್ದೆ.

ಎಡಭಾಗ ಬೇಗ ತುಂಬಿತ್ತು. ಒಮ್ಮೆ ಚಾರ್ಜ್ ಮಾಡಿದರೆ ವಾರ ಬರುತ್ತದೆ. ಮಳೆಗಾಲದಲ್ಲಿ ಅವ್ವನ ಲೈನ್‌ಮನೆಗೆ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಟಾರ್ಚ್ ಇದೆ. ಬಿದ್ದರೂ ಒಡೆಯುವುದಿಲ್ಲ. ರಿಂಗಿನ ಸದ್ದು ಜೋರು. ಓದಲು ಬಾರದವರೂ ಗುಂಡಿಗಳ ಜಾಗ ನೆನಪಿಟ್ಟುಕೊಂಡು ಬಳಸಬಹುದು. ಬಲಭಾಗದಲ್ಲಿ ಎರಡೇ ಸಾಲು: ವಾಟ್ಸ್ಆ್ಯಪ್ ಇಲ್ಲ, ಮುಖ ನೋಡಿ ಮಾತನಾಡಲು ಆಗುವುದಿಲ್ಲ. ಎರಡನೆಯದನ್ನು ಬರೆದು ಹೊಡೆದುಹಾಕಿದ್ದೇನೆ. ಅದು ನಿಜಕ್ಕೂ ಎಡಭಾಗಕ್ಕೆ ಸೇರಬೇಕಾಗಿತ್ತು. ಅಲ್ಲಿ ಬರೆಯಲು ನನಗೆ ಧೈರ್ಯವಿರಲಿಲ್ಲ.

ಅವ್ವ ಕೊಡಗಿನ ಸಿದ್ದಾಪುರದ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಕೆಲಸ ಮಾಡುತ್ತಿದ್ದಳು. ಹಾಸನದ ಕಡೆಯಿಂದ ನನ್ನ ಅಪ್ಪನೊಂದಿಗೆ ಬಂದವಳು, ಅವನು ತೀರಿಕೊಂಡ ಮೇಲೂ ಎಸ್ಟೇಟಿನ ಕೂಲಿಯವರಿಗೆಂದು ಕಟ್ಟಿದ ಲೈನಿನ ಅದೇ ಮನೆಯಲ್ಲಿ ಉಳಿದಿದ್ದಳು. ನಾನು ಮಡಿಕೇರಿಯ ಒಂದು ಶಾಲೆಯಲ್ಲಿ ಶಿಕ್ಷಕಿಯಾಗಿ, ಇಬ್ಬರು ಸಹೋದ್ಯೋಗಿಗಳೊಂದಿಗೆ ಒಂದು ಕೋಣೆಯಲ್ಲಿದ್ದೆ. ನನ್ನ ತಾಯಿ ‘ತೋಟ ನೋಡಿಕೊಳ್ಳುತ್ತಾರೆ’ ಎಂದು ಅವರಿಗೆ ಹೇಳಿದ್ದೆ. ಅದು ಸುಳ್ಳಲ್ಲ. ಆದರೆ ಕೇಳಿದವರು ಏನು ತಿಳಿದುಕೊಳ್ಳುತ್ತಾರೆ ಎಂಬುದು ನನಗೆ ಗೊತ್ತಿತ್ತು. ಅವ್ವನ ಕೈಗೆ ಟಚ್ ಫೋನ್ ಬಂದರೆ ವಿಡಿಯೋ ಕರೆ ಬರುತ್ತದೆ. ಹೊಗೆ ಹಿಡಿದ ಗೋಡೆ, ಹಗ್ಗದ ಮೇಲಿನ ಗೋಣಿಚೀಲ, ತಲೆಗೆ ಬಟ್ಟೆ ಕಟ್ಟಿದ ಅವ್ವ ಎಲ್ಲವೂ ಆ ಕೋಣೆಯೊಳಕ್ಕೆ ಬರುತ್ತವೆ ಎಂದು ಹೆದರಿದ್ದೆ.

ಫೋನ್ ಕೊಳ್ಳಲು ಕುಶಾಲನಗರಕ್ಕೆ ಹೋದೆವು. ಅಂಗಡಿಯವರು ಮೊದಲು ಒಂದು ಟಚ್ ಫೋನನ್ನೇ ಅವ್ವನ ಮುಂದಿಟ್ಟರು. ಅವಳು ಒತ್ತಿದಳು, ಉಜ್ಜಿದಳು, ಪರದೆ ಅಲುಗಲಿಲ್ಲ. ಮೂವತ್ತು ವರ್ಷ ಕಾಫಿ ಕುಯ್ದ ಬೆರಳ ತುದಿಗಳು ಗಟ್ಟಿಯಾಗಿ ಒಣಗಿದ್ದವು.

“ಏನಮ್ಮಾ, ನಿಮ್ಮ ಬೆರಳು ನೋಡಿ ಫೋನೇ ಹೆದರ್ತದಲ್ಲ!” ಎಂದು ಅವರು ನಕ್ಕರು.

“ಹೆದ್ರಲಿ ಬುಡಣ್ಣ. ನಂಗೂ ಯಾವ್ದಾದ್ರೂ ಒಂದು ಹೆದ್ರಬೇಕಲ್ಲ,” ಎಂದಳು ಅವ್ವ.

ಅವರು ಫೋನನ್ನು ಎತ್ತಿಕೊಂಡು ನನ್ನ ಕಡೆ ತಿರುಗಿದರು. “ಸೆಟ್ಟಿಂಗಲ್ಲಿ ಟಚ್ ಸ್ವಲ್ಪ ಜಾಸ್ತಿ ಮಾಡಿದ್ರೆ ಆಗ್ತದೆ ಮೇಡಂ. ನಿಮ್ಮ ಫೋಟೋ ಮುಂದೇನೇ ಹಾಕಿ ಕೊಡ್ತೇನೆ. ಫೋಟೋ ಮುಟ್ಟಿದ್ರೆ ಸಾಕು, ಕಾಲ್ ಹೋಗ್ತದೆ. ಮಾಡಿ ನೋಡ್ಲಾ?”

“ಬೇಡ. ಅವರಿಗೆ ಕೀಪ್ಯಾಡೇ ಸರಿಹೋಗುತ್ತದೆ,” ಎಂದು ನಾನು ಹೇಳಿದೆ.

ಅವ್ವ ಆ ದೊಡ್ಡ ಪರದೆಯ ಕಡೆ ಇನ್ನೊಮ್ಮೆ ನೋಡಿದಳು. ಓದಿದ ಮಗಳು ಹೇಳಿದ ಮೇಲೆ ಮುಗಿಯಿತು ಎನ್ನುವುದು ಅವಳ ರೀತಿ.

ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂರಿಸಿ ಕಲಿಸಿದೆ. ನನ್ನ ನಂಬರನ್ನು ಎರಡರ ಗುಂಡಿಗೆ ಇಟ್ಟಿದ್ದೆ. ಸುಮ್ಮನೆ ಒತ್ತಿದರೆ ಪರದೆಯ ಮೇಲೆ ಎರಡು ಎಂಬ ಅಂಕಿ ಮೂಡುತ್ತದೆ, ಅಷ್ಟೇ. ಒತ್ತಿ ಹಿಡಿದರೆ ಮಾತ್ರ ಕರೆ ಹೋಗುತ್ತದೆ. ಅವ್ವ ನಾಲ್ಕು ಸಲ ತಪ್ಪಿ, ಐದನೆಯ ಸಲ ಕಂಡುಕೊಂಡಳು. “ಓ, ಹಂಗಾ! ಕೊಂಬೆ ಬಗ್ಗಿಸಿ ಹಿಡ್ಕಂಡಂಗೆ. ಬುಟ್ರೆ ಮೇಲಕ್ಕೋಯ್ತದೆ.” ಗುಂಡಿಗಳಿಗೆ ಲಾಕ್ ಇದ್ದರೆ ಅವಳಿಗೆ ಕಷ್ಟವೆಂದು ಅದನ್ನು ನಾನೇ ತೆಗೆದೆ.

ಒಂದು ರಿಂಗ್ ಕೊಟ್ಟು ಕತ್ತರಿಸಿದರೆ, ಕೆಲಸ ಮುಗಿಸಿ ಮನೆ ಸೇರಿದ್ದೇನೆ, ದಾರಿಯಲ್ಲಿ ಆನೆ ಸಿಗಲಿಲ್ಲ ಎಂದರ್ಥ. ಬೆನ್ನಿಗೇ ಎರಡನೆಯ ರಿಂಗ್ ಬಂದರೆ, ಮಾತನಾಡಬೇಕು, ನೀನೇ ಮಾಡು ಎಂದರ್ಥ. ಲೈನಿನಲ್ಲಿ ಎಲ್ಲರದ್ದೂ ಇದೇ ಪದ್ಧತಿ. ಸಂಜೆ ಐದೂವರೆಯ ಹೊತ್ತಿಗೆ ನನ್ನ ಫೋನ್ ಒಮ್ಮೆ ಸದ್ದು ಮಾಡಿ ಸುಮ್ಮನಾಗುತ್ತಿತ್ತು. ನನ್ನ ದಿನ ಅಲ್ಲಿಗೆ ಮುಗಿಯುತ್ತಿತ್ತು. ಒಮ್ಮೆ ಮರೆತು ಎತ್ತಿದ್ದಕ್ಕೆ ಬೈದಳು: “ಯಾಕೆ ಎತ್ತಿದೆ ಮಗಾ? ನಾನು ಚೆನ್ನಾಗಿವ್ನಿ ಅಂತ ಹೇಳಾಯ್ತಲ್ಲ!”

ರೋಬಸ್ಟಾ ಕಾಫಿಯ ಪಿಕ್ಕಿಂಗ್ ನಡೆಯುತ್ತಿದ್ದ ಒಂದು ದಿನ, ನಾನು ಸ್ಟಾಫ್‌ರೂಮಿನಲ್ಲಿ ಮಕ್ಕಳ ಪುಸ್ತಕ ತಿದ್ದುತ್ತಿದ್ದಾಗ ಒಂದು ರಿಂಗ್ ಬಂದು ನಿಂತಿತು. ಗಡಿಯಾರ ನೋಡಿದೆ, ನಾಲ್ಕಕ್ಕೆ ಇಪ್ಪತ್ತು ನಿಮಿಷವಿತ್ತು. ಇವತ್ತು ಬೇಗ ಬಿಟ್ಟಿದ್ದಾರೆ, ಪಾಪ, ಸ್ವಲ್ಪ ಹೊತ್ತು ಮಲಗಲಿ ಎಂದುಕೊಂಡೆ. ಹಾಗೆಯೇ ಅಂದುಕೊಂಡೆ, ನನಗೆ ಚೆನ್ನಾಗಿ ನೆನಪಿದೆ. ಕಾಫಿ ಕುಯ್ಯುವ ಕಾಲದಲ್ಲಿ ಯಾರನ್ನೂ ಬೇಗ ಬಿಡುವುದಿಲ್ಲ. ಕುಯ್ದದ್ದನ್ನು ತೂಕ ಮಾಡದೆ ಯಾರೂ ಕಣದಿಂದ ಕದಲುವುದಿಲ್ಲ. ಲೈನಿನಲ್ಲಿ ಹುಟ್ಟಿದವಳಿಗೆ ಇದು ಹೊಳೆಯಬೇಕಾಗಿತ್ತು. ನಾನು ಕೆಂಪು ಪೆನ್ನು ಹಿಡಿದು ಮುಂದಿನ ಪುಸ್ತಕ ತೆಗೆದೆ.

ಐದೂವರೆಗೆ ಪಕ್ಕದ ಮನೆಯ ಅಕ್ಕ ಫೋನ್ ಮಾಡಿದಳು. ಮನೆಮಾತು ತಮಿಳಾದರೂ ಅವ್ವನೊಂದಿಗೆ ಬೆರೆತು ಕನ್ನಡವನ್ನೂ ಆಡುತ್ತಾಳೆ; ನನ್ನನ್ನು ಮಾತ್ರ ತಮಿಳಿನ ಮುದ್ದಿನಲ್ಲಿ ‘ಕಣ್ಣು’ ಎಂದು ಕರೆಯುತ್ತಾಳೆ. ಅಂದು ಅವಳ ಬಾಯಿಂದ ಎರಡು ಭಾಷೆಯೂ ಸರಿಯಾಗಿ ಹೊರಡಲಿಲ್ಲ. ಮಧ್ಯಾಹ್ನದ ಮೇಲೆ ಅವ್ವ ಎದೆ ಉರಿ ಎಂದಳಂತೆ. ಕೆಲಸದ ಲೆಕ್ಕ ನೋಡುವ ರೈಟರಿಗೆ ಹೇಳಿ, ಗ್ಯಾಸ್ಟ್ರಿಕ್ ಇರಬೇಕೆಂದು ಒಬ್ಬಳೇ ಮನೆಗೆ ನಡೆದಳಂತೆ. ಉಳಿದವರು ಕೆಲಸ ಮುಗಿಸಿ ಬಂದಾಗ ಗೋಡೆಗೆ ಒರಗಿ ಹೊಸ್ತಿಲ ಮೇಲೆ ಕುಳಿತಿದ್ದಳಂತೆ. ಆಮೇಲೆ ಎಸ್ಟೇಟಿನ ಜೀಪಿನಲ್ಲಿ ಆಸ್ಪತ್ರೆಗೆ ಒಯ್ದರು. ಜೀವ ಆಗಲೇ ಹೋಗಿದೆ ಎಂದರು ವೈದ್ಯರು.

ಮಣ್ಣಾದ ಮರುದಿನ ಅಕ್ಕ ಫೋನನ್ನು ತಂದುಕೊಟ್ಟಳು. “ಕೈಯಲ್ಲೇ ಹಿಡಿದಿದ್ಲು, ಕಣ್ಣು. ನಿಂಗೆ ಮಾಡೋಣ ಅಂತ ನೋಡಿದ್ರೆ ಬರೀ ಎರಡು, ಎರಡು, ಎರಡು. ಏನಂತ ಗೊತ್ತಾಗ್ಲಿಲ್ಲ. ಹಸಿರು ಒತ್ತಿದೆ. ಆ ನಂಬರ್ ಇಲ್ಲ ಅಂತು. ಆಮೇಲೇ ನನ್ನ ಫೋನಲ್ಲಿ ಮಾಡಿದ್ದು.”

ಅವಳು ಹಸಿರು ಗುಂಡಿ ಒತ್ತಿದ್ದರಿಂದ ಆ ಸಾಲು ಅವ್ವನ ಫೋನಿನ ಕರೆಗಳ ಪಟ್ಟಿಯಲ್ಲಿ ಉಳಿದಿದೆ. ಹನ್ನೊಂದು ಎರಡುಗಳು. ಅದರ ಕೆಳಗೆ ನಾಲ್ಕಕ್ಕೆ ಇಪ್ಪತ್ತು ನಿಮಿಷವಿದ್ದಾಗ ನನಗೆ ಬಂದ ಆ ಒಂದು ಕರೆ. ಬೆನ್ನಿಗೇ ಎರಡನೆಯ ರಿಂಗ್ ಕೊಡಲು ಅವ್ವ ಹನ್ನೊಂದು ಸಲ ಒತ್ತಿದ್ದಾಳೆ. ಒಂದು ಸಲವೂ ಹಿಡಿದುಕೊಳ್ಳಲು ಅವಳ ಬೆರಳಿಗೆ ಆಗಿಲ್ಲ.

ನನ್ನ ಪಟ್ಟಿಯ ಬಲಭಾಗದಲ್ಲಿ ಈ ಸಾಲು ಇರಲಿಲ್ಲ.

ಎರಡು ತಿಂಗಳ ನಂತರ ಅಕ್ಕನ ಫೋನಿನ ಗುಂಡಿಗಳು ಕಿತ್ತುಬಂದವು. “ನೀನು ಓದಿದೋಳು, ನೋಡಿ ತೆಗೆದುಕೊಡು,” ಎಂದು ಕರೆದಳು. ಬೇರೆ ಅಂಗಡಿಗೆ ಹೋಗಬಹುದಿತ್ತು. ಅದೇ ಅಂಗಡಿಗೇ ಹೋದೆ, ಏಕೆಂದರೆ ನನಗೆ ತಿಳಿಯಬೇಕಾಗಿತ್ತು. ಅವರು ಟಚ್ ಫೋನ್ ಕೊಟ್ಟರು. ಅಕ್ಕನ ಬೆರಳಿಗೂ ಪರದೆ ಅಲುಗಲಿಲ್ಲ. ಅದೇ ಗಿಡಗಳನ್ನು, ಅಷ್ಟೇ ವರ್ಷ ಕುಯ್ದ ಬೆರಳು.

“ಸೆಟ್ಟಿಂಗಲ್ಲಿ ಟಚ್ ಜಾಸ್ತಿ ಮಾಡಿ ನೋಡಿ,” ಎಂದೆ.

ಅವರು ಏನೋ ಒತ್ತಿ ಮರಳಿ ಕೊಟ್ಟರು. ಅಕ್ಕ ತೋರುಬೆರಳಿನಿಂದ ಮೆಲ್ಲಗೆ ಮುಟ್ಟಿದಳು. ಪರದೆ ತೆರೆಯಿತು.

“ಅಯ್ಯೋ, ಬಂತು ನೋಡು ಕಣ್ಣು! ಬಂತು!” ಮಗುವಿನಂತೆ ನಕ್ಕಳು. ಅಂಗಡಿಯವರಿಗೆ ನನ್ನ ನೆನಪಿರಲಿಲ್ಲ.

“ಯಾವುದು ತಗೊಳ್ಲಿ? ಗುಂಡಿದಾ, ಇದಾ? ಹೇಳು.”

“ಇದನ್ನೇ ತಗೊಳ್ಳಿ ಅಕ್ಕ.”

“ಹಂಗಾದ್ರೆ ಫಸ್ಟು ನಿನ್ನ ಫೋಟೋ ಹಾಕು. ಇನ್ನು ನಿಂಗೆ ನಾನೇ ಅಲ್ವಾ ಮಾಡ್ಬೇಕು?”

ಫೋಟೋ ಹಾಕಿಕೊಟ್ಟೆ. ಅವಳು ನನ್ನ ಮುಖವನ್ನು ಮುಟ್ಟಿದಳು. ನನ್ನ ಚೀಲದೊಳಗೆ ಫೋನ್ ಒಮ್ಮೆ ರಿಂಗಾಯಿತು. ನಿಲ್ಲುತ್ತದೆ ಎಂದು ಸುಮ್ಮನೆ ಕಾದೆ. ಅದು ನಿಲ್ಲದೆ ಮತ್ತೆ ಮತ್ತೆ ರಿಂಗಾಗುತ್ತಲೇ ಇತ್ತು.

“ಎತ್ತೇ!” ಎಂದಳು ಅಕ್ಕ. “ಎದುರಿಗೇ ನಿಂತಿದ್ದೀನಿ, ಆದ್ರೂ ಎತ್ತಲ್ವಲ್ಲೇ ನೀನು!”