ದೊಡ್ಡಮ್ಮನ ಮಂದ ಕಿವಿ

ಕಳೆದ ವಾರ ಗ್ರೋಸರಿ ಅಂಗಡಿಯಲ್ಲಿ ತೊಂಡೆಕಾಯಿ ಆರಿಸುತ್ತಿದ್ದಾಗ ರಾಶಿಯ ನಡುವೆ ಒಂದು ಎಲೆ ಸಿಕ್ಕಿತು. ಯಾವ ಅಧಿಕಾರಿಯ ಕಣ್ಣು ತಪ್ಪಿಸಿ ಕ್ಯಾಲಿಫೋರ್ನಿಯಾಕ್ಕೆ ಬಂದಿತ್ತೋ, ಪೂರ್ತಿ ಬಾಡಿತ್ತು. ಅಂಗೈಯಲ್ಲಿ ಹಿಸುಕಿ ಮೂಸಿದೆ. ಪಕ್ಕದಲ್ಲಿದ್ದ ಹೆಂಗಸು ತಮ್ಮ ಗಾಡಿಯನ್ನು ಸ್ವಲ್ಪ ದೂರ ತಳ್ಳಿಕೊಂಡರು. ಅವರನ್ನು ದೂರುವಂತಿಲ್ಲ. ತಲೆ ನರೆತ ಗಂಡಸು ತರಕಾರಿಯ ಮುಂದೆ ನಿಂತು ಕಣ್ಣೊರೆಸಿಕೊಂಡರೆ ಸಭ್ಯರು ಮಾಡುವುದೇ ಅದು.

ತೊಂಡೆ ಸೊಪ್ಪಿನ ವಾಸನೆ ನನಗೆ ದೊಡ್ಡಮ್ಮನ ಶಾಲೆಯ ವಾಸನೆ. ಮಂಡ್ಯದ ಕಡೆಯ ಒಂದು ಹಳ್ಳಿ. ಒಂದೇ ಕೋಣೆ, ನಾಲ್ಕು ತರಗತಿ, ಒಬ್ಬರೇ ಟೀಚರು. ಶನಿವಾರ ಇದ್ದಿಲು, ತೊಂಡೆ ಸೊಪ್ಪು ಅರೆದು ಬೋರ್ಡಿಗೆ ಬಳಿಯುವ ಕಾರ್ಯಕ್ರಮ. ಮುಗಿಯುವ ಹೊತ್ತಿಗೆ ಬೋರ್ಡಿಗಿಂತ ನಾವೇ ಹೆಚ್ಚು ಕಪ್ಪಗಾಗಿರುತ್ತಿದ್ದೆವು...

ದೊಡ್ಡಮ್ಮ ಎಂದರೆ ನನ್ನ ದೊಡ್ಡಪ್ಪನ ಹೆಂಡತಿ. ನಾನು ಬೆಳೆದದ್ದು ಅವರ ಮನೆಯಲ್ಲಿ. ಆ ಮನೆಯೂ ಶಾಲೆಯೇ, ಗಂಟೆ ಮಾತ್ರ ಇರಲಿಲ್ಲ. ಯಾರು ಏನು ಓದಬೇಕು, ಯಾರ ಮದುವೆ ಎಲ್ಲಿ, ಯಾವ ಜಗಳ ಎಂದಿಗೆ ಮುಗಿಯಬೇಕು, ಎಲ್ಲವೂ ಒಲೆಯ ಮುಂದೆ ತೀರ್ಮಾನವಾಗುತ್ತಿತ್ತು. ಜಗಳವಾಡಿದ ಅಣ್ಣತಮ್ಮಂದಿರನ್ನು ಒಂದೇ ತಟ್ಟೆಗೆ ಕೂರಿಸಿ, ಮುದ್ದೆ ಮುಗಿಯುವ ತನಕ ಏಳಕೂಡದು ಎಂದು ಆಜ್ಞೆ ಹೊರಡಿಸುತ್ತಿದ್ದರು. ದೊಡ್ಡಪ್ಪ ಕೂಡ ಮಾತಾಡುವ ಮೊದಲು ಶಾಲೆಯ ಹುಡುಗರಂತೆ ಕೈಯೆತ್ತುತ್ತಾರೆ ಎಂದು ಊರಿನಲ್ಲಿ ವದಂತಿಯಿತ್ತು. ಅದನ್ನು ಅಲ್ಲಗಳೆಯುವಷ್ಟು ಸಾಕ್ಷ್ಯ ನನ್ನಲ್ಲಿಲ್ಲ.

ಇಷ್ಟೆಲ್ಲ ಅಧಿಕಾರವಿದ್ದ ಆಕೆ ತರಗತಿಯಲ್ಲಿ ಯಾವ ಮಗುವಿಗೂ "ತಪ್ಪು" ಎಂದವರಲ್ಲ. ಬದಲಿಗೆ ಕಿವುಡಿಯಾಗುತ್ತಿದ್ದರು.

"ಏಳೆಂಟ್ಲ?"

"ಐವತ್ನಾಕು, ಟೀಚರ್."

"ಏನಂದೆ ಮಗಾ? ಕಿವಿ ಮಂದ ಕಣಪ್ಪ, ಇನ್ನೊಂದ್ ಸಲ ಹೇಳು."

"ಐವತ್ತೈದು?"

"ಊಹೂಂ, ಕೇಳಿಸ್ಲಿಲ್ಲ."

"ಐವತ್ತಾರು!"

"ಹಾಂ! ಈಗ ಕೇಳಿಸ್ತು."

ಸರಿಯುತ್ತರ ಮಾತ್ರ ಕೇಳಿಸುವ ವಿಚಿತ್ರ ಕಿವಿ. ಅದೇ ಕಿವಿಗೆ ಹಿಂದಿನ ಸಾಲಿನಲ್ಲಿ ಕಡಲೆಕಾಯಿ ಸುಲಿಯುವ ಸದ್ದು ಮಾತ್ರ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ದೊಡ್ಡಪ್ಪ ತೀರಿಕೊಂಡ ಮೇಲೆ ಅಕ್ಕ, ಅಂದರೆ ಅವರ ಮಗಳು, ಅವರನ್ನು ಕೆಲವು ತಿಂಗಳ ಮಟ್ಟಿಗೆ ಕ್ಯುಪರ್ಟಿನೋಗೆ ಕರೆಸಿಕೊಂಡಳು. ನಾನು ಸ್ಯಾನ್ ಮಟಿಯೋದಿಂದ ಪ್ರತಿ ಭಾನುವಾರ ಹೋಗುತ್ತಿದ್ದೆ. ಅಕ್ಕನ ಮಗಳು, ನಮ್ಮ ಪುಟ್ಟಿ, ಇಲ್ಲಿಯೇ ಹುಟ್ಟಿದವಳು. ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಇಂಗ್ಲಿಷಿನಲ್ಲಿ ಬರುತ್ತಿತ್ತು. ಅಜ್ಜಿಗೆ ಇಂಗ್ಲಿಷು ಬಾರದು. ಕೊನೆಗೆ ಹೊಟ್ಟೆಯ ಒತ್ತಾಯಕ್ಕೆ ಪುಟ್ಟಿಯೇ ಸೋತಳು.

"ಅಜ್ಜಿ, ನಾನು ಹಸಿವು."

"ಏನಂದೆ ಮಗಾ? ಕಿವಿ ಮಂದ ನಂಗೆ."

"ನನಗೆ... ಹಸಿವು?"

"ಹಾಂ! ಕೇಳಿಸ್ತು, ಬಾ."

ಹೀಗೆ ತಿಂಗಳುಗಟ್ಟಲೆ ನಡೆದು ಪುಟ್ಟಿ ಮಾತಾಡಿದಳು, ಬರೆಯುವುದನ್ನೂ ಕಲಿತಳು. ದೊಡ್ಡಮ್ಮ ಊರಿಗೆ ಹೊರಟ ದಿನ, ಏರ್‌ಪೋರ್ಟಿನಿಂದ ವಾಪಸು ಬರುವಾಗ, ಕಾರಿನ ಹಿಂದಿನ ಸೀಟಿನಲ್ಲಿ ಕೂತು ಮನೆತನದ ವಾಟ್ಸಾಪ್ ಗುಂಪಿಗೆ ತಾನು ಬರೆದ ಮೊದಲ ಕನ್ನಡ ವಾಕ್ಯವನ್ನು ಹೆಮ್ಮೆಯಿಂದ ಕಳಿಸಿದಳು: "ಅಜ್ಜಿ ಹೋದರು."

ಫ್ರೀವೇ ಇಳಿದು ಮನೆ ಸೇರಿ, ಊಟ ಮಾಡಿ ಒಂದು ನಿದ್ದೆ ತೆಗೆದು ನಾವು ಫೋನು ನೋಡುವಷ್ಟರಲ್ಲಿ ಮಂಡ್ಯದಲ್ಲಿ ಶೋಕ ಸಾಂಗವಾಗಿ ಜಾರಿಗೆ ಬಂದಿತ್ತು. ಚಿಕ್ಕಪ್ಪ ತಣ್ಣೀರು ಸ್ನಾನ ಮಾಡಿ ನೆಗಡಿ ತಂದುಕೊಂಡಿದ್ದರು. ಶಾಲೆಗೆ ರಜಾ ಕೊಟ್ಟಾಗಿತ್ತು. ಹಳೆಯ ಶಿಷ್ಯನೊಬ್ಬ, ಪಂಚಾಯಿತಿ ಮೆಂಬರು, ಆಗಲೇ ಫ್ಲೆಕ್ಸು ಕಟ್ಟಿಸಿದ್ದ. ಇದ್ಯಾವುದೂ ತಿಳಿಯದ ದಿವಂಗತೆ ವಿಮಾನದಲ್ಲಿ ಮೊಸರನ್ನ ತಿನ್ನುತ್ತಿದ್ದರು.

ನಗಬಹುದಿತ್ತು. ಊರೆಲ್ಲ ನಕ್ಕಿತು ಕೂಡ, ಅದೇ ತಾಪತ್ರಯವಾಯಿತು. ಗುಂಪಿನಲ್ಲಿ ಅಣ್ಣತಮ್ಮಂದಿರ ಮಕ್ಕಳು ಹಲ್ಲು ಕಿರಿಯುವ ಬೊಂಬೆಗಳನ್ನು ಸುರಿದರು. ಅಕ್ಕ ಅವಮಾನದಿಂದ ಕೂಗಾಡಿದಳು: "ಕನ್ನಡ ಬರಲ್ಲ ಅಂದ್ಮೇಲೆ ಯಾಕೆ ಬರೆಯೋಕೆ ಹೋದೆ? 'ಹೊರಟರು' ಅನ್ಬೇಕು ಅಂತ ಗೊತ್ತಾಗಲ್ವಾ?" ಪುಟ್ಟಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ತೀರ್ಪು ಹೊರಬಿತ್ತು: "ಐ ಆಮ್ ಡನ್ ವಿತ್ ಕನ್ನಡ!"

ಆ ತೀರ್ಪನ್ನು ಅವಳು ಪಾಲಿಸಿದಳು.

ಊರು ತಲುಪಿದ ದೊಡ್ಡಮ್ಮ ತಮ್ಮದೇ ಫ್ಲೆಕ್ಸಿನ ಕೆಳಗೆ ನಿಂತು ಮೆಂಬರನ್ನು ಕರೆಸಿದರಂತೆ. "ನಾನು ಸತ್ತಿದ್ದು ಇರ್ಲಿ ಕಣಪ್ಪ. 'ಶ್ರದ್ಧಾಂಜಲಿ'ಗೆ ಒತ್ತು ಎಲ್ಲಿ?" ಆಮೇಲೆ ಫೋನಿನಲ್ಲಿ ಪುಟ್ಟಿಗೆ ಹೇಳಿದರು: "ನೀನು ಬರ್ದಿದ್ದು ಸರಿಯಾಗೈತೆ ಮಗಾ. ಅವ್ರು ಓದ್ಕೊಂಡಿದ್ದು ಸರಿಯಿಲ್ಲ." ಪುಟ್ಟಿ "ಓಕೆ ಅಜ್ಜಿ" ಎಂದಳು, ಅಷ್ಟೇ. ಭಾನುವಾರದ ಪ್ರತಿ ವಿಡಿಯೋ ಕಾಲಿನಲ್ಲೂ ಅವರು ಏನಾದರೂ ಕೇಳಿ ಮುಖ ಮುಂದೆ ತಂದು ಕಾಯುತ್ತಿದ್ದರು. ಆ ಕಾಯುವ ಮುಖ... ಇವಳು ಇಂಗ್ಲಿಷಿನಲ್ಲಿ ಏನೋ ಗೊಣಗಿ ಎದ್ದು ಹೋಗುತ್ತಿದ್ದಳು. ತಮ್ಮ ಕೈಯಾರೆ ತಿದ್ದಿಸಿದ ಮಾತು ಒಂದು ನಗೆಗೆ ಸತ್ತುಹೋಯಿತಲ್ಲ ಎಂದು ಅವರು ನನ್ನೊಬ್ಬನ ಹತ್ತಿರ ಕೊರಗಿದ್ದರು. "ಒಂದ್ ಸಲ ಬಾಯ್ಬಿಡ್ಲಿ ಕಣೋ, ಸಾಕು."

ವರ್ಷ ಕಳೆಯಿತು. ದೊಡ್ಡಮ್ಮ ಹಾಸಿಗೆ ಹಿಡಿದರು. ಅಕ್ಕ ಆಫೀಸಿಗೆ ರಜಾ ಹಾಕಿ ಮಂಡ್ಯಕ್ಕೆ ಓಡಿದಳು. ಆ ಭಾನುವಾರ ಕ್ಯುಪರ್ಟಿನೋದ ಸೋಫಾದ ಮೇಲೆ ನಾನು, ಪುಟ್ಟಿ. ಫೋನಿನಲ್ಲಿ ದಿಂಬಿಗೊರಗಿದ ದೊಡ್ಡಮ್ಮ. ಪುಟ್ಟಿ ಬೆಳಗಿನಿಂದ ತುಟಿಯಲ್ಲೇ ಏನನ್ನೋ ಅಭ್ಯಾಸ ಮಾಡುತ್ತಿದ್ದಳು. ಈಗ ಹೇಳಿಬಿಟ್ಟಳು.

"ಅಜ್ಜಿ, ನೀನು ಹುಷಾರು ಆಗು. ನಾನು ರಜ ಬರ್ತೀನಿ."

"ಏನಂದೆ ಮಗಾ? ಇನ್ನೊಂದ್ ಸಲ ಹೇಳವ್ವ."

ಪುಟ್ಟಿ ಸಣ್ಣಗೆ ನಕ್ಕಳು. ಹಳೆಯ ಆಟ ಗೊತ್ತಲ್ಲ. "ಅಜ್ಜಿ, ನೀವು ಹುಷಾರಾಗಿ. ನಾನು ರಜಕ್ಕೆ ಬರ್ತೀನಿ."

"ಏನಂದೆ?"

"ನೀವು ಬೇಗ ಹುಷಾರಾಗಿ ಅಜ್ಜಿ. ನಾನು ರಜಕ್ಕೆ ನಿಮ್ಮ ಮನೆಗೆ ಬರ್ತೀನಿ."

ಒಂದಕ್ಷರ ತಿದ್ದುವಂತಿರಲಿಲ್ಲ. ದೊಡ್ಡಮ್ಮ ಕಿವಿಯ ಹಿಂದೆ ಕೈಯಿಟ್ಟು ಇನ್ನೂ ಮುಂದಕ್ಕೆ ಬಾಗಿದರು. ಪುಟ್ಟಿ ನನ್ನ ಕಡೆ ತಿರುಗಿದಳು. "ಎಲ್ಲಿ ತಪ್ಪು, ಮಾವ?"

"ತಪ್ಪಿಲ್ಲ ಪುಟ್ಟಿ. ಅಜ್ಜಿಗೆ ನಿಜವಾಗ್ಲೂ ಕೇಳಿಸ್ತಿಲ್ಲ."

ಅವಳು ನಂಬಲಿಲ್ಲ. ಮತ್ತೆ, ಒಂದೊಂದೇ ಪದ ಬಿಡಿಸಿ, ಅಳುತ್ತ ಹೇಳಿದಳು. ದೊಡ್ಡಮ್ಮ ಆ ತುಟಿಗಳನ್ನು ನೋಡಿದರು, ಕಣ್ಣೀರನ್ನು ನೋಡಿದರು. ಮುಖವೆಲ್ಲ ಅರಳಿತು.

"ಹಾಂ! ಈಗ ಕೇಳಿಸ್ತು. ಮಳೆ ಬಂದ್ರೆ ನೆನೀಬೇಡ, ಛತ್ರಿ ತಗೊಂಡ್ ಹೋಗು ಮಗಾ."

ಜೀವಮಾನವೆಲ್ಲ ಕೇಳಿಸಿದ್ದನ್ನು ಕೇಳಿಸಲಿಲ್ಲ ಎಂದ ಆಕೆ, ಕೇಳಿಸದ್ದನ್ನು ಕೇಳಿಸಿತು ಎಂದದ್ದು ಅದೊಂದೇ ಸಲ. ಪುಟ್ಟಿ "ಆಯ್ತು ಅಜ್ಜಿ" ಎಂದಳು. ಆ ವಾರವೇ ದೊಡ್ಡಮ್ಮ ತೀರಿಕೊಂಡರು.

ಈಗ ಪುಟ್ಟಿ ನನ್ನ ಜೊತೆ ಕನ್ನಡದಲ್ಲಿಯೇ ಮಾತಾಡುತ್ತಾಳೆ. ಬೇರೆ ಯಾರ ಜೊತೆಗೂ ಇಲ್ಲ. ನಿನ್ನೆ ಸ್ಕೂಲಿನಿಂದ ಕರೆತರುವಾಗ ಕಿಟಕಿಯಾಚೆ ನೋಡುತ್ತ ಇದ್ದಕ್ಕಿದ್ದಂತೆ ಹೇಳಿದಳು: "ಅಜ್ಜಿ ನನ್ನನ್ನು ತುಂಬಾ ನೆನಪು ಮಾಡ್ಕೋತಾರೆ, ಮಾವ."

ಹೇಳಬೇಕೆಂದಿದ್ದದ್ದು ತಿರುಗಾಮುರುಗಾ ಆಗಿತ್ತು. ಯಾರು ಯಾರನ್ನು ನೆನೆಯುತ್ತಾರೆ ಎಂಬ ಲೆಕ್ಕವೇ ಅದಲುಬದಲು. ದೊಡ್ಡಮ್ಮನಿದ್ದಿದ್ದರೆ ಕೂಡಲೇ ಕಿವಿ ಮಂದವಾಗುತ್ತಿತ್ತು. ನಾನೂ ಅವರ ಶಾಲೆಯವನೇ, "ಏನಂದೆ?" ಎನ್ನಲು ಬಾಯಿ ತೆರೆದೆ ಕೂಡ...

"ಹೂಂ ಪುಟ್ಟಿ" ಎಂದೆ.