ಕೋಟೆಗೆ ಹೋಗದ ನಾನ್‌ಸ್ಟಾಪಣ್ಣ

ಬೀದಿಯವರೆಲ್ಲ ಅವರನ್ನು ನಾನ್‌ಸ್ಟಾಪಣ್ಣ ಅಂತಲೇ ಕರೆಯುತ್ತಿದ್ದರು. ರಾತ್ರಿ ಬಸ್ಸಿನ ಡ್ರೈವರ್. ಹೊತ್ತು ಮುಳುಗುವಾಗ ಡಿಪೋ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಇನ್ನೊಂದು ಊರು, ಮಧ್ಯೆ ಎಲ್ಲೂ ನಿಲ್ಲಿಸುವ ಹಾಗಿಲ್ಲ. ಬಸ್ಸಿನ ಹಣೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದಿದ್ದ ಪದ ಕೆಳಗಿಳಿದು ಡ್ರೈವರಿಗೂ ಅಂಟಿಕೊಂಡಿತು. ದಾರಿ ಪಕ್ಕ ಮೂಟೆ ಇಟ್ಟುಕೊಂಡು, ಮಗು ಎತ್ತಿಕೊಂಡು, ಕೈ ಅಡ್ಡ ಹಿಡಿದು ನಿಂತವರನ್ನೆಲ್ಲ ದಾಟಿಕೊಂಡು ಹೋಗುವುದೇ ಕೆಲಸ. ಅದರಲ್ಲಿ ಪಾಪಪುಣ್ಯದ ಮಾತೇನೂ ಇಲ್ಲ, ಅವರಿಗೆಂದೇ ಹಿಂದೆ ಇನ್ನೊಂದು ಬಸ್ಸು ಬರುತ್ತಿತ್ತು. ಆದರೂ ಈ ಕತ್ತಲಲ್ಲಿ ಇವರು ಯಾಕೆ ನಿಂತಿದ್ದಾರೆ, ಆ ದೀಪ ಉರಿಯುವ ಮನೆಯಲ್ಲಿ ಏನು ನಡೀತಿದೆ ಅನ್ನುವ ಕುತೂಹಲ ಮಾತ್ರ ಅವರನ್ನು ಕೆಲಸದ ಕೊನೆಯ ದಿನದವರೆಗೂ ಬಿಡಲಿಲ್ಲ.

ಹೆಂಡತಿಗೆ ಬೀದಿ ತುದಿಯಲ್ಲಿ ಹೊಲಿಗೆ ಅಂಗಡಿ. ಊರಿಗೆಲ್ಲ ಅವರು ಟೈಲರಮ್ಮ. ಬೆಳಗ್ಗೆ ಗಂಡ ಕಣ್ಣು ಕೆಂಪಗೆ ಮಾಡಿಕೊಂಡು ಮನೆಗೆ ಬರುವ ಹೊತ್ತಿಗೆ ಇವರು ಅಂಗಡಿಯ ಬೀಗದ ಕೈ ಹಿಡಿದು ಹೊರಟಿರುತ್ತಿದ್ದರು. ಸಂಜೆ ಇವರು ಬರುವಾಗ ಅವರು ಬೂಟು ಹಾಕಿಕೊಂಡು ಬಾಗಿಲಲ್ಲಿ. ಸಂಸಾರದ ಅರ್ಧ ಮಾತುಕತೆ ಹೊಸ್ತಿಲ ಮೇಲೆ ನಿಂತೇ ಮುಗಿದಿತ್ತು. ಗ್ಯಾಸ್ ಮುಗಿದಿದೆ, ಮಗಳಿಗೆ ಜ್ವರ ಇಳಿದಿದೆ, ಮಾಡಿನ ಹೆಂಚು ಒಡೆದಿದೆ. ಹೀಗೆ ವರ್ಷಗಟ್ಟಲೆ ನಡೆದ ಮೇಲೆ ಒಂದು ದಿನ ಡಿಪೋದವರು ಹಾರ ಹಾಕಿ ನಾನ್‌ಸ್ಟಾಪಣ್ಣನನ್ನು ಮನೆಗೆ ಕಳಿಸಿಬಿಟ್ಟರು.

ಇನ್ನು ಮೇಲೆ ದಿನಾ ಸಂಜೆ ಇಬ್ಬರೂ ಒಟ್ಟಿಗೆ ಕೂತು ಹರಟೆ ಹೊಡೆಯುತ್ತಾರೆ ಅಂತ ನೀವು ಅಂದುಕೊಂಡಿರಬಹುದು. ಅವರೂ ಹಾಗೇ ಅಂದುಕೊಂಡಿದ್ದರು. ಆದರೆ ಅಭ್ಯಾಸವೇ ಇಲ್ಲವಲ್ಲ! ಟೈಲರಮ್ಮ ಅಂಗಡಿಯಿಂದ ಬಂದವರು ಕೈಹೊಲಿಗೆಯ ಗಂಟು ಬಿಚ್ಚಿಕೊಂಡು ಒಳಕೋಣೆಯಲ್ಲಿ ಕೂರುವರು, ಇವರು ಹಜಾರದಲ್ಲಿ. ಒಂದೆರಡು ಸಲ ಗಂಟಲು ಸರಿಮಾಡಿಕೊಂಡು ಒಳಗೆ ಹೋಗಿ, ಏನು ಹೇಳಬೇಕೆಂದು ತೋಚದೆ, ಒಂದು ಲೋಟ ನೀರು ಕುಡಿದು ವಾಪಸ್ ಬಂದಿದ್ದರು. ಸ್ವಂತ ಹೆಂಡತಿಯ ಹತ್ತಿರ ಮಾತು ಶುರು ಮಾಡುವುದಕ್ಕೆ ಇಷ್ಟು ಪೇಚಾಡುವ ಗಂಡಸು ಇನ್ನೊಬ್ಬ ಇರಲಾರ.

ಆಗ ಬಂದದ್ದು ಮಗಳ ಗೇಮಿನ ಪೆಟ್ಟಿಗೆ. ಮಗಳಿಗೆ ಬೇರೆ ಊರಿನ ಹಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು. ಹಾಸ್ಟೆಲಿನಲ್ಲಿ ಇಡುವುದಕ್ಕೆ ಜಾಗ ಇಲ್ಲವೆಂದು ಅದನ್ನು ತಂದು ಹಜಾರದ ಟಿವಿಗೆ ಸಿಕ್ಕಿಸಿ, ಬೇಜಾರಾದಾಗ ಆಡಪ್ಪ, ಮನೆ ಮಾಡಿದ ಮೇಲೆ ತಗೊಂಡು ಹೋಗ್ತೀನಿ ಅಂತ ಹೇಳಿ ಹೋದಳು. ಆಟದಲ್ಲಿ ಒಬ್ಬ ವೀರ. ಅವನ ತಂಗಿಯನ್ನು ಮಾಂತ್ರಿಕನೊಬ್ಬ ಎತ್ತಿಕೊಂಡು ಹೋಗಿ ಕರಿಕೋಟೆಯಲ್ಲಿ ಇಟ್ಟಿದ್ದಾನೆ. ವೀರ ಕುದುರೆ ಹತ್ತಿ, ದಾರಿಯುದ್ದಕ್ಕೂ ಹೊಡೆದಾಡಿ, ಕೋಟೆ ಸೇರಿ ಅವಳನ್ನು ಬಿಡಿಸಬೇಕು. ಕಥೆ ಅಂದರೆ ಇಷ್ಟೇ. ಮಗಳು ಅದನ್ನು ಒಂದೇ ವಾರದಲ್ಲಿ ಮುಗಿಸಿದ್ದಳಂತೆ.

ನಾನ್‌ಸ್ಟಾಪಣ್ಣ ಮೊದಲ ಸಂಜೆ ರಿಮೋಟ್ ಹಿಡಿದು ಕೂತಾಗ ಆ ತಂಗಿ ಕಿಟಾರನೆ ಕಿರುಚಿದಳು. ಒಳಕೋಣೆಯಿಂದ ಟೈಲರಮ್ಮ ಸೂಜಿ ಹಿಡಿದುಕೊಂಡೇ ಓಡಿ ಬಂದರು. ಏನಾಯ್ತು, ಯಾರದು, ಯಾಕೆ ಎಳ್ಕೊಂಡು ಹೋಗ್ತಿದ್ದಾನೆ ಅಂತ ಕೇಳುತ್ತಾ ಕೇಳುತ್ತಾ ಸೋಫಾದ ಅಂಚಿನಲ್ಲಿ ಕೂತವರು ಊಟದ ಹೊತ್ತಿನವರೆಗೆ ಏಳಲಿಲ್ಲ. ಮರುದಿನ ಗಂಟನ್ನೇ ತಂದುಕೊಂಡು ಕೂತರು. ಅದರ ಮರುದಿನವೂ.

ಸೋಫಾ ಸಣ್ಣದು. ಅಂಗಿಯ ತೋಳು ಎಳೆದು ಹೊಲಿಯುವಾಗ ಆಕೆಯ ಮೊಣಕೈ ಇವರಿಗೆ ತಾಗುತ್ತಿತ್ತು. ಗುಂಡಿ ಹಚ್ಚುವ ಮುಂಚೆ ದಾರವನ್ನು ನಾಲಿಗೆಯಲ್ಲಿ ಒದ್ದೆ ಮಾಡುತ್ತಾಳೆ, ತಮಾಷೆ ಕಂಡರೆ ಮೂಗಿನಲ್ಲಿ ನಗುತ್ತಾಳೆ ಅನ್ನುವುದೆಲ್ಲ ನಾನ್‌ಸ್ಟಾಪಣ್ಣನಿಗೆ ಆಗ ಗೊತ್ತಾಯಿತು. ಇಷ್ಟು ವರ್ಷ ಕಳೆದ ಮೇಲೆ! ಅವರಿಗೆ ಖುಷಿಯೋ ಖುಷಿ. ಆ ಖುಷಿಯಲ್ಲೇ ಕುದುರೆ ಓಡಿಸಿ ಓಡಿಸಿ, ಒಂದು ಸಂಜೆ ಗುಡ್ಡದ ತಿರುವಿನಲ್ಲಿ ತಲೆಯೆತ್ತಿ ನೋಡಿದರೆ ಕರಿಕೋಟೆ ಎದುರಿಗೇ ಕಾಣಬೇಕೆ? ಕೋಟೆ ಸೇರಿದರೆ ಕಥೆ ಮುಗಿಯಿತು. ಕಥೆ ಮುಗಿದರೆ ಆಕೆ ಗಂಟು ಕಟ್ಟಿಕೊಂಡು ಒಳಕೋಣೆಗೆ. ಆಮೇಲೆ ಮತ್ತೆ ಅದೇ ಗಂಟಲು ಸರಿಮಾಡಿಕೊಳ್ಳುವುದು, ಅದೇ ಒಂದು ಲೋಟ ನೀರು.

ಹಿಂದೆಮುಂದೆ ನೋಡದೆ ಕುದುರೆಯನ್ನು ಎಡಕ್ಕೆ ತಿರುಗಿಸಿಬಿಟ್ಟರು.

ಎಡಕ್ಕೆ ಒಂದು ಹಳ್ಳಿ. ಬಾವಿ ಹತ್ತಿರ ಒಬ್ಬ ಅಜ್ಜಿ, ತಲೆಯ ಮೇಲೆ ಹಳದಿ ಗುರುತು. ಆ ಆಟದಲ್ಲಿ ಯಾರಿಗೆ ಸಹಾಯ ಬೇಕೋ ಅವರ ತಲೆಯ ಮೇಲೆಲ್ಲ ಆ ಗುರುತು ಮಿನುಗುತ್ತದೆ. ಅಜ್ಜಿಯ ಬಾತುಕೋಳಿ ಕಳೆದುಹೋಗಿತ್ತು. ವೀರ ಕತ್ತಿಯನ್ನು ಬೆನ್ನಿಗೆ ಕಟ್ಟಿಕೊಂಡು ಕೆರೆ ಸುತ್ತ ಬಾತುಕೋಳಿ ಹಿಂದೆ ಓಡಿದ. ಟೈಲರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಅಲ್ಲಿ ಒಡಹುಟ್ಟಿದವಳು ಸೆರೆಯಲ್ಲಿ ಕೊಳೀತಾ ಬಿದ್ದಿದ್ದಾಳೆ, ಇಲ್ಲಿ ಅಣ್ಣ ಅನ್ನಿಸಿಕೊಂಡವನು ಬಾತುಕೋಳಿ ಅಟ್ಟಿಸಿಕೊಂಡು ಹೋಗ್ತಿದ್ದಾನೆ, ನಾಚಿಕೆ ಆಗಲ್ವಾ ಅಂತ ತರಾಟೆಗೆ ತಗೊಂಡರು. ನಾನ್‌ಸ್ಟಾಪಣ್ಣ ಬಹಳ ಗಂಭೀರವಾಗಿ, ಪಾಪ ವಯಸ್ಸಾದವರು, ಇದೊಂದು ಮುಗಿಸಿಕೊಂಡು ಹೋಗೋಣ ಅಂದರು.

ಅದೊಂದು ಮುಗಿಯಿತು. ಆಮೇಲೆ ಮೀನುಗಾರನ ದೋಣಿಗೆ ತೂತು ಬಿದ್ದಿತ್ತು. ಕಮ್ಮಾರನ ಮಗಳು ಮುನಿಸಿಕೊಂಡು ಗಿರಣಿಯಲ್ಲಿ ಕೂತಿದ್ದಳು. ಇಬ್ಬರು ಅಣ್ಣತಮ್ಮಂದಿರು ಒಂದು ಬೇಲಿಗಾಗಿ ಮಾತು ಬಿಟ್ಟಿದ್ದರು. ಎಲ್ಲದರಲ್ಲೂ ನಮ್ಮವರು ಮೂಗು ತೂರಿಸಿದರು. ಮೊದಮೊದಲು ಕೋಟೆ ತಪ್ಪಿಸಲು ಹೂಡಿದ ಆಟ ಅದು, ಆದರೆ ಬರಬರುತ್ತಾ ಅದರ ರುಚಿಯೇ ಹತ್ತಿಬಿಟ್ಟಿತು. ದಾರಿಯಲ್ಲಿ ಕೈ ಅಡ್ಡ ಹಿಡಿದವರ ಮುಂದೆಲ್ಲ ನಿಲ್ಲಿಸಬಹುದು, ಯಾಕೆ ನಿಂತಿದ್ದೀಯಪ್ಪ ಅಂತ ಕೇಳಬಹುದು, ದೀಪ ಕಂಡ ಮನೆಯೊಳಗೆ ಹೋಗಿ ಬೆಚ್ಚಗೆ ಕೂರಬಹುದು! ಕುದುರೆ ಹತ್ತುವ ಮುಂಚೆ ಟೈರು ನೋಡುವವರ ಹಾಗೆ ಅದರ ಸುತ್ತ ಒಂದು ಸುತ್ತು ಬರುತ್ತಿದ್ದರು. ಕಿರಿದಾದ ಸೇತುವೆ ಬಂದರೆ ಎದುರಿನ ಎತ್ತಿನಗಾಡಿಗೆ ದಾರಿ ಬಿಟ್ಟು ನಿಲ್ಲುತ್ತಿದ್ದರು. ಟೈಲರಮ್ಮ ಹಣೆ ಚಚ್ಚಿಕೊಂಡು, ಅದು ಆಟ ಕಣ್ರೀ, ಗಾಡಿ ಮೈಮೇಲೆ ಹೋದ್ರೂ ಏನೂ ಆಗಲ್ಲ ಅನ್ನುವರು. ಹಾಗಂತ ಅಭ್ಯಾಸ ಬಿಡೋಕಾಗುತ್ತಾ ಅಂತ ಇವರು.

ಮಗಳು ಫೋನ್ ಮಾಡಿದಾಗಲೂ ಇದೇ ಜಗಳ. ಅಪ್ಪ, ಮುಖ್ಯ ಕಥೆ ಹಿಡ್ಕೊಂಡು ನೇರ ಹೋಗು, ಉಳಿದದ್ದೆಲ್ಲ ಬರೀ ಅಡ್ಡಕೆಲಸ, ಹೊತ್ತು ಹಾಳು ಅನ್ನುವಳು. ಅಪ್ಪ ಬಿಡುತ್ತಾರೆಯೇ? ನೇರ ಹೋಗೋದನ್ನ ನನಗೆ ಕಲಿಸಬೇಡಮ್ಮ, ಅದಕ್ಕೆ ಸರ್ಕಾರ ಸಂಬಳ ಕೊಟ್ಟು ಸಾಕಿತ್ತು, ನೇರ ಹೋದವನಿಗೆ ರಸ್ತೆ ಬಿಟ್ಟು ಬೇರೇನೂ ಕಾಣಲ್ಲ ಅನ್ನುವರು. ಅತ್ತ ಟೈಲರಮ್ಮ ಮಗಳ ಪಕ್ಷ. ಕಥೆ ಅಂದಮೇಲೆ ಮುಂದೆ ಹೋಗಬೇಕು, ಬಟ್ಟೆ ಕತ್ತರಿಸಿ ಅಂಗಿ ಹೊಲಿಯದೆ ಇಟ್ಟ ಹಾಗಾಯ್ತು ನಿಮ್ಮಪ್ಪನ ಆಟ ಅಂತ ಫೋನಿನೊಳಗೆ ದೂರು. ಹೀಗೆ ತಿಂಗಳುಗಳೇ ಉರುಳಿದವು. ವೀರನಿಗೆ ಆ ರಾಜ್ಯದ ಪ್ರತಿ ಮನೆಯ ಹಿತ್ತಲೂ ಗೊತ್ತಾಯಿತು, ತಂಗಿ ಮಾತ್ರ ಕೋಟೆಯಲ್ಲೇ ಇದ್ದಳು.

ಒಂದು ಬುಧವಾರ ಮಗಳ ಫೋನು ಬಂತು. ಮನೆ ಸಿಕ್ಕಿದೆ, ಭಾನುವಾರ ಬಂದು ಪೆಟ್ಟಿಗೆ ತಗೊಂಡು ಹೋಗ್ತೀನಿ ಅಂದಳು.

ಟೈಲರಮ್ಮ, ಸರಿ ಹಾಗಿದ್ರೆ, ಶನಿವಾರದೊಳಗೆ ಕೋಟೆಯಲ್ಲಿರೋ ಆ ಹುಡುಗಿ ಮನೆಗೆ ಬಂದಿರಬೇಕು, ಇನ್ನು ನಿಮ್ಮ ಒಂದು ನೆಪವೂ ನಡೆಯಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳಿದರು. ಗುರುವಾರ ಇವರು ದೋಣಿ ರಿಪೇರಿಯ ಹೆಸರಲ್ಲಿ ತಪ್ಪಿಸಿಕೊಂಡರು. ಶುಕ್ರವಾರ ಕುದುರೆಗೆ ಲಾಳ ಹಾಕಿಸಬೇಕು ಅಂದರು. ಶನಿವಾರ ಹಳ್ಳಿ ಹಳ್ಳಿ ಸುತ್ತಿದರೂ ಯಾರ ತಲೆಯ ಮೇಲೂ ಹಳದಿ ಗುರುತಿಲ್ಲ. ಎಲ್ಲರ ಕಷ್ಟವನ್ನೂ ಇವರೇ ತೀರಿಸಿ ಕೂತಿದ್ದರು. ತಮ್ಮ ಒಳ್ಳೆಯತನಕ್ಕೆ ತಾವೇ ಶಾಪ ಹಾಕಿಕೊಳ್ಳುತ್ತಾ ಕುದುರೆಯನ್ನು ಕರಿಕೋಟೆಯ ಕಡೆಗೆ ತಿರುಗಿಸಿದರು.

ಹೆಬ್ಬಾಗಿಲ ಮುಂದೆ ಪರದೆಯ ಮೇಲೆ ಅಕ್ಷರ ಮೂಡಿತು. ಒಳಗೆ ಕಾಲಿಟ್ಟರೆ ಮತ್ತೆ ಹೊರಗೆ ಬರುವ ಹಾಗಿಲ್ಲ, ಹೋಗಬೇಕೆಂದರೆ ಗುಂಡಿ ಒತ್ತಿ. ನಾನ್‌ಸ್ಟಾಪಣ್ಣ ಗುಂಡಿಯ ಮೇಲೆ ಹೆಬ್ಬೆರಳಿಟ್ಟರು. ಹೆಬ್ಬೆರಳು ಅಲ್ಲೇ ಇತ್ತು, ಒತ್ತಲಿಲ್ಲ. ಕುದುರೆ ಬಾಲ ಅಲ್ಲಾಡಿಸುತ್ತಾ ನಿಂತೇ ಇತ್ತು. ಪಕ್ಕದಲ್ಲಿ ಸೂಜಿಯೂ ನಿಂತಿತು.

"ಒತ್ರೀ," ಅಂದರು ಟೈಲರಮ್ಮ.

"ಒತ್ತಲ್ಲ."

"ಯಾಕೆ?"

ಸುಳ್ಳು ಹೇಳೋಣವೆಂದರೆ ಒಂದು ಬಾತುಕೋಳಿಯೂ ಉಳಿದಿರಲಿಲ್ಲ. ಅವರು ಪರದೆಯನ್ನೇ ನೋಡುತ್ತಾ, ಮೆಲ್ಲಗೆ ಹೇಳಿದರು. "ಕಥೆ ಮುಗಿದ್ರೆ ನೀನು ಎದ್ದು ಒಳಗೆ ಹೋಗ್ತೀಯ. ಅದಕ್ಕೇ ಇಷ್ಟು ದಿನ ಊರೂರು ಅಲೆದಿದ್ದು. ಆ ಹುಡುಗಿಗೆ ನಾನು ಮಾಡಿದ್ದು ಮೋಸಾನೇ. ಆದ್ರೆ ನನಗೆ ನೀನು ಇಲ್ಲಿ ಕೂತಿರಬೇಕಿತ್ತು."

ಹೇಳಿಬಿಟ್ಟ ಮೇಲೆ ಕಿವಿಯೆಲ್ಲ ಬಿಸಿಯಾಯಿತು. ಈ ವಯಸ್ಸಿನಲ್ಲಿ ಹುಡುಗರ ಹಾಗೆ ಇದೇನು ಹೇಳಿಬಿಟ್ಟೆ ಅಂತ ನಾಚಿಕೆಯೂ ಆಯಿತು. ಟೈಲರಮ್ಮನಿಗೆ ಮೂಗಿನಲ್ಲಿ ನಗು ಶುರುವಾಯಿತು. ಅದು ಮೂಗಿನಲ್ಲಿ ನಿಲ್ಲದೆ ಬಾಯಿಗೆ ಬಂದು, ಕಡೆಗೆ ಕೈಯಲ್ಲಿದ್ದ ಅಂಗಿಯಲ್ಲೇ ಕಣ್ಣು ಒರೆಸಿಕೊಳ್ಳುವ ಮಟ್ಟಕ್ಕೆ ಹೋಯಿತು.

"ಅವಳಿಗೇನು ಮೋಸ? ಹಾಯಾಗಿದ್ದಾಳೆ ಅವಳು," ಅಂದರು. "ಅವಳನ್ನ ಯಾರೂ ಎತ್ಕೊಂಡು ಹೋಗಿಲ್ಲ. ಮಾಂತ್ರಿಕನ ಹತ್ರ ವಿದ್ಯೆ ಕಲಿಯೋಕೆ ತಾನೇ ಹೋಗಿದ್ದು. ಆ ಕಿರುಚಾಟ ಎಲ್ಲ ಬರೀ ನಾಟಕ."

ನಾನ್‌ಸ್ಟಾಪಣ್ಣ ಕಣ್ಣು ಬಾಯಿ ಬಿಟ್ಟುಕೊಂಡು ಹೆಂಡತಿಯ ಮುಖ ನೋಡಿದರು. ಅದು ಹೇಗೆ ಗೊತ್ತು ಅಂತ ಕೇಳಿದರೆ, ಮಗಳು ಮೊದಲನೇ ವಾರವೇ ಫೋನಿನಲ್ಲಿ ಪೂರ್ತಿ ಕಥೆ ಹೇಳಿಬಿಟ್ಟಿದ್ದಳಂತೆ. ಕೊನೆಗೆ ಅಣ್ಣತಂಗಿ ರಾಜಿಯಾಗುವವರೆಗೆ, ಒಂದು ಅಕ್ಷರ ಬಿಡದೆ.

ಮೊದಲನೇ ವಾರ! ಅವರು ಲೆಕ್ಕ ಹಾಕಿದರು. ಅಲ್ಲಿಂದ ಇಲ್ಲಿಯವರೆಗೆ ಒಂದು ಸಂಜೆಯನ್ನೂ ಬಿಡದೆ, ಕೋಟೆಗೆ ಹೋಗ್ರೀ, ಕೋಟೆಗೆ ಹೋಗ್ರೀ ಅಂತ ಈಕೆ ತಮ್ಮ ಜೀವ ತಿಂದಿದ್ದಾಳೆ. ಒಂದೊಂದು ಸಂಜೆಯಂತೂ ಸಿಟ್ಟಿನಲ್ಲಿ ತೊಡೆಗೆ ಗುದ್ದಿದ್ದೂ ಇದೆ.

"ಎಲ್ಲಾ ಗೊತ್ತಿದ್ದೂ ದಿನಾ ನನ್ನ ಯಾಕೆ ಹಾಗೆ ಬೈತಿದ್ದೆ?"

ಟೈಲರಮ್ಮನ ನಗು ನಿಂತಿತು. ಅಂಗಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಅದರ ಕಾಲರನ್ನು ನೀವುತ್ತಾ ಹೇಳಿದರು. "ಸುಮ್ನೆ ಕೂತಿದ್ರೆ ನೀವು ನನ್ನ ಕಡೆ ತಿರುಗಿ ನೋಡ್ತಿದ್ರಾ? ಬೈದಾಗಲೆಲ್ಲ ತಿರುಗ್ತಿದ್ರಿ."

ನಾನ್‌ಸ್ಟಾಪಣ್ಣ ರಿಮೋಟನ್ನು ಕೆಳಗಿಟ್ಟು, ಪೂರ್ತಿಯಾಗಿ ಆಕೆಯ ಕಡೆ ತಿರುಗಿ ಕೂತರು. ಆವತ್ತು ಹೆಬ್ಬಾಗಿಲು ತೆರೆಯಲೇ ಇಲ್ಲ.

ಭಾನುವಾರ ಮಗಳು ಬಂದಳು. ಆಟ ಬಾಗಿಲವರೆಗೆ ಬಂದು ನಿಂತಿರುವುದನ್ನು ನೋಡಿ, ಇನ್ನು ಅರ್ಧ ಗಂಟೆಯ ಕೆಲಸ ಅಷ್ಟೇ ಅಪ್ಪಾ, ಬೇಕಿದ್ದರೆ ಪೆಟ್ಟಿಗೆ ಇನ್ನೊಂದು ತಿಂಗಳು ಇಲ್ಲೇ ಇರಲಿ ಅಂದಳು. ಬೇಡಮ್ಮ, ತಗೊಂಡು ಹೋಗು ಅಂತ ಅಪ್ಪ ಅಮ್ಮ ಇಬ್ಬರೂ ಒಂದೇ ಬಾಯಲ್ಲಿ ಹೇಳಿದರು. ಅವಳಿಗೆ ಏನೂ ಅರ್ಥವಾಗದೆ ಇಬ್ಬರ ಮುಖವನ್ನೂ ನೋಡಿ, ವೈರು ಸುತ್ತಿಕೊಂಡು ಹೊರಟಳು.

ಸೋಮವಾರ ಮಧ್ಯಾಹ್ನ ನಾನ್‌ಸ್ಟಾಪಣ್ಣ ಊಟ ಮುಗಿಸಿ ಬೀದಿ ತುದಿಗೆ ನಡೆದರು. ಅಂಗಡಿಯಲ್ಲಿ ಗಿರಾಕಿಗಳಿಗೆಂದು ಹಾಕಿದ್ದ ಸ್ಟೂಲನ್ನು ಮೆಷಿನ್ ಪಕ್ಕಕ್ಕೆ ಎಳೆದುಕೊಂಡು ಕೂತರು. ಯಾಕೆ ಬಂದಿರಿ ಅಂತ ಟೈಲರಮ್ಮ ಕೇಳಲಿಲ್ಲ. ಇಸ್ತ್ರಿ ಮಾಡಿಟ್ಟ ಬಟ್ಟೆಯ ಮೇಲೆ ಮೊಣಕೈ ಊರಿದ್ದೀರಲ್ಲ, ಕಣ್ಣು ಕಾಣಲ್ವಾ, ಸಂಜೆ ಗಿರಾಕಿ ಬಂದರೆ ನಾನೇನು ಉತ್ತರ ಕೊಡಲಿ ಅಂತ ಶುರು ಮಾಡಿದರು. ನಾನ್‌ಸ್ಟಾಪಣ್ಣ ಮೊಣಕೈ ತೆಗೆಯಲಿಲ್ಲ.